ಆರು ಭೇಟಿ, ಒಂದು ಡಬ್ಬಿ

ಹಾಸನ

2024ರ ಮಾರ್ಚ್ ಮೊದಲ ವಾರದ ಒಂದು ಸಂಜೆ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಸಣ್ಣ ಊರೊಂದರ ಆಸ್ಪತ್ರೆಯ ಗೇಟಿನ ಬಳಿ ನನ್ನ ತಂಗಿಯ ಗಂಡ ಮಂಜೇಗೌಡ ಹೃದಯಾಘಾತದಿಂದ ತೀರಿಕೊಂಡರು. ತಂಗಿ ವಸಂತ ಅದೇ ಆಸ್ಪತ್ರೆಯಲ್ಲಿ ನರ್ಸ್. ಅವಳನ್ನು ಮನೆಗೆ ಕರೆದುಕೊಂಡು ಹೋಗಲು ಅವರು ಕಾರಿನಲ್ಲಿ ಕಾಯುತ್ತಿದ್ದರು. ಇಷ್ಟು ನಮಗೆ ಗೊತ್ತಿತ್ತು. ನಮಗೆ ಎಂದರೆ, ಹಾಸನದಲ್ಲಿ ಪತ್ರಿಕೆಯ ವರದಿಗಾರನಾಗಿರುವ ನನಗೆ, ಚನ್ನರಾಯಪಟ್ಟಣದಲ್ಲಿರುವ ಅಕ್ಕ ಶಾರದಳಿಗೆ ಮತ್ತು ಅರಕಲಗೂಡಿನಲ್ಲಿರುವ ಮಂಜೇಗೌಡರ ಮನೆಯವರಿಗೆ.

ಅಸ್ಥಿ ತೆಗೆದುಕೊಂಡು ವಸಂತ ಊರಿಗೆ ಬಂದಳು. ಹೊಳೆನರಸೀಪುರದ ಬಳಿ ಹೇಮಾವತಿಗೆ ಬಿಟ್ಟೆವು. ಅರಕಲಗೂಡಿನ ಮನೆಯಲ್ಲಿ ಅವಳು ಇದ್ದಷ್ಟು ದಿನವೂ ನಡುಮನೆಯಲ್ಲಿ ಚಾಪೆ ಮಡಿಸಲಿಲ್ಲ. ಜನ ಬಂದರು, ಅತ್ತರು, ಎಲ್ಲಿ, ಹೇಗೆ, ಎಷ್ಟೊತ್ತಿಗೆ ಎಂದು ಕೇಳಿದರು. ಕಾರಿನಲ್ಲಿ ಕಾಯುತ್ತಿದ್ದಾಗ ಹೋದರು ಎಂಬ ಒಂದೇ ವಾಕ್ಯವನ್ನು ಅವಳು ಎಲ್ಲರಿಗೂ ಹೇಳಿದಳು. ಆಮೇಲೆ ಕೆಲಸಕ್ಕೆಂದು ಐರ್ಲೆಂಡಿಗೆ ಹಿಂದಿರುಗಿದಳು. ಕೆಲಸಕ್ಕೆ ಹೋಗಲಿಲ್ಲ, ರಜೆ ಹಾಕಿದಳು. ಮಳೆಗಾಲ ಬರುವ ಹೊತ್ತಿಗೆ ನಮ್ಮ ಫೋನ್ ಎತ್ತುವುದನ್ನೂ ನಿಲ್ಲಿಸಿದಳು. ಆಗಸ್ಟ್‌ನಲ್ಲಿ ನನಗೊಂದು ಸಂದೇಶ ಬಂತು: 'ಚೆನ್ನಾಗಿದ್ದೀನಿ ಅಣ್ಣ. ಇಲ್ಲಿ ಒಬ್ಬರ ಹತ್ತಿರ ಮಾತಾಡ್ತಿದ್ದೀನಿ. ಆರು ಸಲ ಅಷ್ಟೆ. ಆಸ್ಪತ್ರೆಯವರೇ ಏರ್ಪಾಡು ಮಾಡಿದ್ದಾರೆ.'

ಅದನ್ನು ಅಕ್ಕನಿಗೆ ಓದಿ ಹೇಳಿದೆ.

"ಯಾರ್ಲಾ ಅದು, ಒಬ್ರು?" ಎಂದಳು ಅಕ್ಕ.

"ಸಮಾಜ ಕಾರ್ಯಕರ್ತೆಯಂತೆ. ಕಷ್ಟದಲ್ಲಿರೋರ ಜೊತೆ ಕೂತು ಮಾತಾಡ್ತಾರಂತೆ."

"ನಾನೇನ್ ಸತ್ತೋಗಿದ್ದೀನಾ? ಮಾತಾಡಾಕೆ ಮನೆ ತುಂಬ ಜನ ಮಡೀಕಂಡು ಯಾವಳೋ ಬಿಳಿಯೋಳತ್ರ ಮಾತಾಡ್ತಾಳಂತೆ. ಓಗು ಕಣ್ಲಾ ನಾಗ, ಕರ್ಕಂಡ್ ಬಾ ಅವಳ್ನ."

ಆ 'ಒಬ್ಬರು' ಎಂಬ ಪದದ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದೂ ಆಗಲೇ. ಜನರನ್ನು ಮಾತಾಡಿಸುವುದು ನನ್ನ ವೃತ್ತಿ. ಕೊಲೆಯಾದ ಮನೆಯಲ್ಲಿ, ಬೆಳೆ ಹೋದ ಹೊಲದಲ್ಲಿ ಜನ ನನ್ನ ಹತ್ತಿರ ಮಾತಾಡಿದ್ದಾರೆ. ತಂಗಿ ಮಾತಾಡಿರಲಿಲ್ಲ. ಈ ಹೊಟ್ಟೆಕಿಚ್ಚು ಪ್ರವಾಸದ ಉದ್ದಕ್ಕೂ ನನ್ನ ಜೊತೆ ಇತ್ತು. ಕೆಳಗಿನದನ್ನು ಓದುವವರು ಅದನ್ನು ಗಣನೆಗೆ ತೆಗೆದುಕೊಂಡೇ ಓದಬೇಕು.

ಸೆಪ್ಟೆಂಬರ್‌ನಲ್ಲಿ ಹೊರಟೆ. ಅಕ್ಕ ಒಂದು ಸ್ಟೀಲ್ ಡಬ್ಬಿಯ ತುಂಬ ಕಜ್ಜಾಯ, ಒಂದು ಬಾಟಲಿ ತುಪ್ಪ ಕೊಟ್ಟಳು. ಡಬ್ಬಿಯ ಮುಚ್ಚಳದ ಮೇಲೆ ಅಂಗಡಿಯವನು ಕೊರೆದ ಅವಳ ಹೆಸರಿತ್ತು. "ಡಬ್ಬಿ ವಾಪಸ್ ಬರಬೇಕು" ಎಂದಳು. ತಂಗಿಯ ವಿಷಯ ಮತ್ತೆ ಹೇಳಲಿಲ್ಲ.

ಡಬ್ಲಿನ್

ತುಪ್ಪ ಡಬ್ಲಿನ್ ದಾಟಲಿಲ್ಲ. ಹೊರಗಿನವರು ಹಾಲಿನ ಪದಾರ್ಥ ತರುವಂತಿಲ್ಲ ಎಂಬ ನಿಯಮ ಅಲ್ಲಿದೆ. ಸುಂಕದ ಅಧಿಕಾರಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಯಾವ ದನದ್ದು ಎಂದು ಕೇಳಿದ. ಚನ್ನರಾಯಪಟ್ಟಣದ್ದು ಎಂದೆ. ಅವನೂ ಹಳ್ಳಿಯವನಿರಬೇಕು. ಚೆಲ್ಲಲು ತನಗೂ ಮನಸ್ಸಿಲ್ಲ ಎಂದು ಹೇಳಿ ಮೇಜಿನ ಕೆಳಗಿಟ್ಟ. ಕಜ್ಜಾಯವನ್ನು ಮೂಸಿ ನೋಡಿ, ಅಕ್ಕಿ, ಬೆಲ್ಲ, ಎಣ್ಣೆ ಎಂಬ ನನ್ನ ಹೇಳಿಕೆ ಕೇಳಿ, ಡಬ್ಬಿ ಮುಚ್ಚಿ ಕೊಟ್ಟ.

ಅಲ್ಲಿಂದ ಬಸ್ಸು. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ, ಹಿಂದಿನ ಬಾಗಿಲಲ್ಲಿ ಇಳಿಯುವವರು ಕೂಗಿ ಹೇಳುತ್ತಾರೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರಿಗೆ ಸಿಗುವ ಕೂಗು ಬೇರೆ: "ತಡೀರಿ ಸಾ, ಇನ್ನೂ ಜನ ಇಳೀತಾವ್ರೆ!"

ನನ್ನ ಪಕ್ಕ ಕೂತಿದ್ದ ಹೆಂಗಸು ಫೋನಿನಲ್ಲಿ ಮಾತು ಮುಗಿಸಲು ಹೊರಟು, ಬೈ, ಬೈ, ಬೈ ಎಂದು ಹೇಳುತ್ತಲೇ ಇದ್ದಳು. ಫೋನ್ ಕಿವಿಯಿಂದ ದೂರ ಹೋದ ಮೇಲೂ ಹೇಳುತ್ತಿದ್ದಳು. ಇವರಿಗೂ ಮುಗಿಸಲು ಬರುವುದಿಲ್ಲ ಎಂದುಕೊಂಡೆ. ನಮ್ಮಲ್ಲಿ ಬಾಗಿಲ ಹತ್ತಿರ ನಿಂತು ಹೊಸ ಮಾತು ತೆಗೆಯುತ್ತೇವಲ್ಲ, ಹಾಗೆ. ಚಹಾ ಬೇಕೇ ಎಂದರೆ ಮೊದಲು ಬೇಡ ಎನ್ನುತ್ತಾರೆ, ಮೂರನೇ ಸಲ ಕೇಳಿದರೆ ಕುಡಿಯುತ್ತಾರೆ. ಇಷ್ಟು ನಮ್ಮ ಹಾಗಿರುವ ಜನ, ಒಬ್ಬ ವಿಧವೆಗೆ ಆರೇ ಸಲ ಮಾತಾಡಲು ಬಿಡುತ್ತಾರೆ ಎಂದರೆ ಹೇಗೆ? ನಮ್ಮ ಕಡೆ ಅಂಥವಳನ್ನು ವರ್ಷವಿಡೀ ಬಿಡುವು ಕೊಡದೆ ಮಾತಾಡಿಸುತ್ತೇವೆ.

ಕಾರು

ಊರಿನ ಹೆಸರು ಬರೆಯುವುದು ಬೇಡ ಎಂದು ವಸಂತ ಹೇಳಿದ್ದಾಳೆ. ಬಸ್ ನಿಲ್ದಾಣಕ್ಕೆ ಅವಳು ನಡೆದೇ ಬಂದಿದ್ದಳು. ಸೂಟ್‌ಕೇಸ್ ಎಳೆದುಕೊಂಡು, ಗಾಳಿಗೆ ಮುಖ ಕೊಟ್ಟು, ಇಬ್ಬರೂ ಮನೆ ತಲುಪಿದೆವು. ಮನೆಯ ಮುಂದೆ ನೀಲಿ ಕಾರು ನಿಂತಿತ್ತು. ತೊಳೆದು ಒರೆಸಿ ಮದುವೆಗೆ ಹೊರಟ ಹಾಗಿತ್ತು.

ಮರುದಿನ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಅವಳು ಕಾರಿನೊಳಗೆ, ಸ್ಟೇರಿಂಗಿನ ಮುಂದೆ ಕೂತು ಚಹಾ ಕುಡಿಯುತ್ತಿದ್ದಳು. ಎಂಜಿನ್ ಓಡುತ್ತಿತ್ತು. ಕಾರು ಓಡುತ್ತಿರಲಿಲ್ಲ. ಲೋಟ ಖಾಲಿಯಾದ ಮೇಲೆ ಎಂಜಿನ್ ಆರಿಸಿ ಒಳಗೆ ಬಂದಳು.

"ಏನವ್ವ ಇದು?"

"ಓಂವರ್ಕು ಕಣಣ್ಣ."

ಅಕ್ಕನಿಗೆ ಫೋನ್ ಮಾಡಿ ಇದನ್ನು ತಿಳಿಸಿದೆ. "ಯಾಕಂತೆ, ಮನೇಲಿ ಕೂರಾಕೆ ಜಾಗಿಲ್ವಂತಾ?" ಎಂದಳು ಅಕ್ಕ.

ವಸಂತ ವಿವರಿಸಿದಳು. ಅವಳು ಮಾತಾಡುತ್ತಿದ್ದ ಆ 'ಒಬ್ಬರ' ಹೆಸರು ನೋರಾ. ಮೊದಲ ಭೇಟಿಯಲ್ಲೇ ಅವರು ಎರಡು ವಿಷಯ ಹೇಳಿದ್ದರು. ಒಂದು, ಕೊನೆಯ ಭೇಟಿ ಯಾವ ದಿನ ಎಂಬುದು. ಇನ್ನೊಂದು, ಎಲ್ಲ ದುಃಖವನ್ನೂ ಈ ಕೋಣೆಗೆ ತರಲು ಆಗುವುದಿಲ್ಲ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ, ಆರು ಭೇಟಿಯೊಳಗೆ ಅದೊಂದು ಕದಲಿದರೆ ಸಾಕು ಎಂಬುದು. ವಸಂತ ಕಾರನ್ನು ಆರಿಸಿಕೊಂಡಿದ್ದಳು.

ಅದಕ್ಕೆ ಕಾರಣವಿತ್ತು. ಆಸ್ಪತ್ರೆ ಊರ ಹೊರಗಿದೆ. ಅವಳ ಪಾಳಿಯ ಹೊತ್ತಿಗೆ ಬಸ್ಸಿಲ್ಲ. ಅವಳಿಗೆ ಲೈಸೆನ್ಸ್ ಇತ್ತು, ಆದರೆ ಸ್ಟೇರಿಂಗನ್ನು ಮಂಜೇಗೌಡ ಬಿಟ್ಟುಕೊಟ್ಟಿರಲಿಲ್ಲ. ಹಾಸನ–ಅರಕಲಗೂಡು ದಾರಿಯಲ್ಲಿ ಟೆಂಪೊ ಓಡಿಸುತ್ತಿದ್ದ ಮನುಷ್ಯ. ಅಲ್ಲಿ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ, ಹೆಂಡತಿಯನ್ನು ಪಾಳಿಗೆ ಬಿಡುವುದು, ಕರೆತರುವುದು ತನ್ನ ನಿಜವಾದ ಉದ್ಯೋಗ ಎಂಬಂತೆ ಇದ್ದರು. ಅವರು ಹೋದ ಮೇಲೆ, ಆಸ್ಪತ್ರೆಯ ಗೇಟಿನಿಂದ ಎಳೆದು ತಂದು ಮನೆಯ ಮುಂದೆ ನಿಲ್ಲಿಸಿದ್ದ ಆ ಕಾರಿನ ಬಾಗಿಲನ್ನು ವಸಂತ ತೆಗೆದಿರಲಿಲ್ಲ. ಅಕ್ಟೋಬರ್‌ಗೆ ರಜೆ ಮುಗಿಯುತ್ತಿತ್ತು. ಅಷ್ಟರೊಳಗೆ ಕಾರು ಓಡಿಸಿದರೆ ಕೆಲಸ. ಇಲ್ಲವಾದರೆ ಮನೆ ಖಾಲಿ ಮಾಡಿ ನನ್ನ ಜೊತೆ ಊರಿಗೆ.

ನೋರಾ ಪ್ರತಿ ಭೇಟಿಯ ಕೊನೆಗೆ ಒಂದು ಸಣ್ಣ ಕೆಲಸ ಕೊಡುತ್ತಿದ್ದರು. ಕೊಡುತ್ತಿದ್ದರು ಎನ್ನುವುದು ತಪ್ಪು, ವಸಂತಳಿಂದಲೇ ಹೇಳಿಸುತ್ತಿದ್ದರು. ಮೊದಲು ಕಾರು ತೊಳೆಯುವುದು. ಆಮೇಲೆ ಹಿಂದಿನ ಸೀಟಿನಲ್ಲಿ ಕೂರುವುದು. ಆಮೇಲೆ ಮುಂದೆ. ನಾನು ಬರುವ ಹೊತ್ತಿಗೆ ನಾಲ್ಕು ಭೇಟಿ ಮುಗಿದು, ಎಂಜಿನ್ ಶುರು ಮಾಡಿ ಒಂದು ಲೋಟ ಚಹಾ ಮುಗಿಯುವವರೆಗೆ ಕೂರುವಲ್ಲಿಗೆ ಬಂದಿತ್ತು.

"ಆಯಮ್ಮ ಏನ್ ಕೇಳ್ತಾರೆ ನಿನ್ನ?" ಎಂದೆ.

"ಹತ್ತರಲ್ಲಿ ಎಷ್ಟು ಧೈರ್ಯ ಐತೆ ಅಂತಾರೆ. ನಾನು ಮೂರು ಅಂದ್ರೆ, ಯಾಕೆ ಎರಡಲ್ಲ ಅಂತ ಕೇಳ್ತಾರೆ."

ನಾನಾಗಿದ್ದರೆ ಯಾಕೆ ಹತ್ತಲ್ಲ ಎಂದು ಕೇಳುತ್ತಿದ್ದೆ. ಹಾಗೆಂದು ಹೇಳಿದೆ.

"ನೀನ್ ಅಂಗ್ ಕೇಳ್ತೀಯ. ಅಕ್ಕ ಆಗಿದ್ರೆ, ಪಕ್ಕದ್ಮನೆಯೋಳ್ಗೆ ಎಂಟೈತಲ್ಲೇ ಅಂತಿದ್ಲು" ಎಂದು ವಸಂತ ನಕ್ಕಳು. ಅವಳು ನಕ್ಕಿದ್ದನ್ನು ಮಾರ್ಚ್‌ನಿಂದ ನಾನು ಕೇಳಿರಲಿಲ್ಲ. ಆ ನಗು ಹುಟ್ಟಿದ್ದು ನೋರಾ ಕೇಳಿದ ಪ್ರಶ್ನೆಯಿಂದ ಎಂಬುದು ನನ್ನ ಗಮನಕ್ಕೆ ಬಂತು.

ನಾನು ಯಾವ ಕಡೆಯಿದ್ದೆ ಎಂಬುದನ್ನೂ ಬರೆಯಬೇಕು. ಆ ಕಾರು ಕದಲಬಾರದು ಎಂದೇ ನನ್ನ ಆಸೆಯಿತ್ತು.

ಸೀಟು

ಐದನೇ ಭೇಟಿಯ ಹಿಂದಿನ ದಿನ ವಸಂತ ಅಂಗಡಿಗೆ ಹೋಗಿದ್ದಳು. ಸುಮ್ಮನೆ ಕೂರಲಾರದೆ ಕಾರಿನ ಒಳಗನ್ನೂ ಒರೆಸೋಣವೆಂದು ಹೋದೆ. ಡ್ರೈವರ್ ಸೀಟು ತೀರ ಹಿಂದಕ್ಕಿತ್ತು. ಮಂಜೇಗೌಡ ಎತ್ತರದ ಆಳು. ವಸಂತ ಅಷ್ಟು ಹಿಂದೆ ಕೂತರೆ ಕಾಲು ಪೆಡಲಿಗೆ ಎಟಕುವುದಿಲ್ಲ. ಇಷ್ಟೂ ದಿನ ಹಾಗೇ ಕೂತು ಚಹಾ ಕುಡಿದಿದ್ದಾಳೆ, ಬಗ್ಗಿ ನೋಡಿಲ್ಲ ಎಂದುಕೊಂಡು, ಕೆಳಗಿನ ಸರಳು ಎತ್ತಿ ಸೀಟನ್ನು ಅವಳ ಅಳತೆಗೆ ಮುಂದಕ್ಕೆ ಎಳೆದೆ.

ಅವಳು ಬಂದು ಕಾರಿನ ಬಾಗಿಲು ತೆಗೆದವಳು ಹಾಗೇ ನಿಂತಳು. ಕೈಯಲ್ಲಿ ಹಾಲಿನ ಕ್ಯಾನು.

"ಸೀಟ್ನ ಯಾರ್ ಎಳ್ದಿದ್ದು?"

"ನಾನೇ ಕಣವ್ವ. ನಿನ್ ಕಾಲು ಎಟಕ್ತಿರ್ಲಿಲ್ವಲ್ಲ."

"ಎಟಕಲ್ಲ ಅಂತ ನಂಗೊತ್ತಿಲ್ವ ಅಣ್ಣ? ಅದು ಇವ್ರು ಬಿಟ್ಟೋದ ಜಾಗ. ಅದ್ನ ನಾನ್ ಎಳೀಬೇಕಿತ್ತು. ನಾಳೆ ಅದೇ ನನ್ನ ಕೆಲ್ಸ ಅಂತ ಮಾತಾಗಿತ್ತು."

ನಾನು ಸೀಟನ್ನು ಹಿಂದಕ್ಕೆ ತಳ್ಳಿದೆ. "ಅಷ್ಟಿರ್ಲಿಲ್ಲ" ಎಂದಳು. ಸೀಟಿನ ಕೆಳಗಿನ ಹಳಿಯಲ್ಲಿ ಒಂದು ಹಲ್ಲು ಮುಂದಕ್ಕೆ ತಂದೆ. "ಅಲ್ಲ." ಮತ್ತೆ ಹಿಂದಕ್ಕೆ. ಮಂಜೇಗೌಡರ ಸೀಟು ಯಾವ ಹಲ್ಲಿನಲ್ಲಿತ್ತೋ ಇಬ್ಬರಿಗೂ ತಿಳಿಯಲಿಲ್ಲ. ಅವಳು ಹಾಲಿನ ಕ್ಯಾನನ್ನು ಕಾರಿನ ಮೇಲೇ ಇಟ್ಟು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ನಮ್ಮ ಹುಟ್ಟೂರು ಹಳ್ಳಿಮೈಸೂರಿನ ಮನೆಯಲ್ಲಿ ಬೆಳೆದವರಿಗೆ ಒಳಬಾಗಿಲು ಹಾಕಿಕೊಳ್ಳುವ ರೂಢಿಯಿಲ್ಲ. ನಾನು ಹಾಲಿನ ಕ್ಯಾನನ್ನು ಒಳಗೆ ತಂದಿಟ್ಟೆ.

ಕಾರಿಡಾರ್

ಮರುದಿನ ನಾನೂ ಅವಳ ಜೊತೆ ಹೊರಟೆ. ಊರಲ್ಲಿ ಹೀಗೆಯೇ ಮಾಡುತ್ತೇವೆ. ಗಂಡ ಹೆಂಡಿರ ಜಗಳ ಸಮಾಲೋಚನೆಗೆ ಬಂದರೆ ಹೆಣ್ಣಿನ ಕಡೆಯಿಂದ ಅಣ್ಣ, ಸೋದರಮಾವ, ಊರಿನ ಯಜಮಾನ ಒಬ್ಬ, ಗಂಡಿನ ಕಡೆಯಿಂದ ಅಷ್ಟೇ ಜನ. ವರದಿಗಾರನಾಗಿ ಅಂಥ ಕೋಣೆಗಳಲ್ಲಿ ನಾನು ಕೂತಿದ್ದೇನೆ. ಬಾಗಿಲು ಮುಚ್ಚುವುದಿಲ್ಲ. ಎಲ್ಲರೂ ಮಾತಾಡುತ್ತಾರೆ. ಯಾರ ವಿಷಯವೋ ಆ ಹೆಂಗಸು ಮಾತ್ರ ಸೆರಗಿನ ಅಂಚು ಸುತ್ತುತ್ತ ಕೂತಿರುತ್ತಾಳೆ.

ನೋರಾ ಬಾಗಿಲಿಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ಬೂದುಬಣ್ಣದ ಸ್ವೆಟರ್, ದಾರಕ್ಕೆ ಕಟ್ಟಿ ಇಳಿಬಿಟ್ಟ ಕನ್ನಡಕ. ನಾನು ಊಹಿಸಿಕೊಂಡಿದ್ದ ಹೆಂಗಸು ಇನ್ನೂ ಜೋರಾಗಿದ್ದಳು. ಬಹಳ ದೂರದಿಂದ ಬಂದಿದ್ದೀರಿ, ಅಲ್ಲಿ ಕುರ್ಚಿಯಿದೆ, ಕೆಟಲ್ ಇದೆ, ಚಹಾ ಮಾಡಿಕೊಳ್ಳಿ ಎಂದರು. ಒಳಗೆ ಬನ್ನಿ ಎನ್ನಲಿಲ್ಲ. ವಸಂತ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಕಾರಿಡಾರಿನಲ್ಲಿ ಕೂತು ಮೀನುಗಾರರ ಒಂದು ಹಳೆಯ ಪತ್ರಿಕೆ ಓದಿದೆ. ಒಳಗಿನ ಮಾತು ಕೇಳುತ್ತಿರಲಿಲ್ಲ, ಕೇಳಿಸಿಕೊಳ್ಳಲು ಪ್ರಯತ್ನಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಒಮ್ಮೆ ಇಬ್ಬರೂ ಜೋರಾಗಿ ನಕ್ಕರು. ನನ್ನ ವಿಷಯಕ್ಕೇ ನಕ್ಕಿರಬೇಕು, ಸೀಟಿನ ವಿಷಯಕ್ಕೆ. ಹಿಂದಿನ ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡವಳು ಇಲ್ಲಿ, ಮುಚ್ಚಿದ ಬಾಗಿಲ ಆಚೆ, ನಗುತ್ತಿದ್ದಳು. ಚಹಾ ತಣ್ಣಗಾಯಿತು.

ಹೊರಬಂದ ಮೇಲೆ ವಸಂತ ಕೈ ತೊಳೆಯಲು ಹೋದಳು. ಆ ಸಮಯದಲ್ಲಿ ನೋರಾ ಅವರನ್ನು ಕೇಳಿದೆ: ಆರೇ ಯಾಕೆ?

ಕೊನೆಯಿಲ್ಲ ಎಂದು ಗೊತ್ತಿದ್ದರೆ ಜನ ಮುಖ್ಯವಾದದ್ದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುತ್ತಾರೆ, ಕೊನೆ ಯಾವಾಗ ಎಂದು ಮೊದಲೇ ಹೇಳಿದರೆ ಬೇಗ ಹೊರಗೆ ತರುತ್ತಾರೆ ಎಂದರು ನೋರಾ. ಎಲ್ಲರಿಗೂ ಇದು ಸಾಲುವುದಿಲ್ಲ, ಕೆಲವರಿಗೆ ವರ್ಷಗಳೇ ಬೇಕು, ಅಂಥವರನ್ನು ಬೇರೆ ಕಡೆ ಕಳಿಸುತ್ತೇವೆ ಎಂದೂ ಸೇರಿಸಿದರು.

ನನ್ನ ಇಡೀ ವೃತ್ತಿ ಡೆಡ್‌ಲೈನಿನ ಮೇಲೆ ನಡೆದಿದೆ. ಅದರಿಂದ ಜನ ಬರೆಯುತ್ತಾರೆ ಎಂದು ಗೊತ್ತಿತ್ತು, ಮಾತಾಡುತ್ತಾರೆ ಎಂದು ಗೊತ್ತಿರಲಿಲ್ಲ.

"ಸೀಟಿನ ಬಗ್ಗೆ ಏನು ಹೇಳಿದಳು?" ಎಂದು ಕೇಳಿದೆ. ನೋರಾ ಪ್ರತಿಕ್ರಿಯಿಸಲು ನಿರಾಕರಿಸಿದರು.

ಸಂಜೆ ಅರಕಲಗೂಡಿನ ಜಯಮ್ಮನಿಗೆ ಫೋನ್ ಮಾಡಿದೆ. ಕುಟುಂಬ ಸಮಾಲೋಚಕಿ, ಹಳೆಯ ಪರಿಚಯ. ಆರು ಭೇಟಿ, ಮುಚ್ಚಿದ ಬಾಗಿಲು, ಒಬ್ಬರಿಗೆ ಒಬ್ಬರು ಎಂದು ವಿವರಿಸಿದೆ.

"ಆರು ಸಲಾನಾ ಸಾ?" ಎಂದರು ಜಯಮ್ಮ. "ನಾವೂ ಟ್ರೈನಿಂಗಲ್ಲಿ ಇದ್ನೇ ಕಲ್ತಿದ್ದು. ಒಂದೇ ವಿಷ್ಯ ಇಡ್ಕಳಿ, ಕೊನೆ ದಿನ ಮೊದ್ಲೇ ಏಳಿ ಅಂತ. ನಮ್ಮಲ್ಲಿ ಒಬ್ರೇ ಬಂದೋರು ಎರಡ್ನೇ ಸಲ ಬರಾಕಿಲ್ಲ. ಬಂದ್ರೆ ಒಂದು ಟೆಂಪೊ ಜನ ಕರ್ಕಂಡ್ ಬತ್ತಾರೆ. ಬಾಗ್ಲು ಮುಚ್ಚಿದ್ರೆ, ಒಳಗೇನ್ ಮಾಡ್ತಾವ್ರೆ ಅಂತ ಕಿಟ್ಕೀಲಿ ನೋಡ್ತಾರೆ." ಆಮೇಲೆ, "ಆ ರೂಮಲ್ಲಿ ಎಷ್ಟ್ ಕುರ್ಚಿ ಇದಾವೆ ಸಾ?" ಎಂದು ಕೇಳಿದರು.

ಬಾಗಿಲು ತೆರೆದಾಗ ಕಂಡದ್ದು ಎರಡೇ ಎಂದೆ. ಜಯಮ್ಮ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಆ ಕೋಣೆಯ ಮೇಲೆ ಹೊಟ್ಟೆಕಿಚ್ಚು ಪಡುವವನು ನಾನೊಬ್ಬನೇ ಅಲ್ಲ ಎಂದು ಸ್ವಲ್ಪ ಸಮಾಧಾನವಾಯಿತು.

ಗೇಟು

ಎರಡು ದಿನ ಬಿಟ್ಟು, ಬಿಸಿಲು ಬಂದ ಒಂದು ಬೆಳಿಗ್ಗೆ ವಸಂತ ಕಾರಿನ ಕೀ ಹಿಡಿದು ನಿಂತಳು. "ಅಣ್ಣ, ಬಾ. ಪಕ್ದಲ್ಲಿ ಕೂತ್ಕ. ಮಾತಾಡ್ಬೇಡ."

ಡ್ರೈವರ್ ಸೀಟಿನಲ್ಲಿ ಕೂತು ಮೊದಲು ಅದನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿದಳು. ಆಮೇಲೆ ಸರಳು ಎತ್ತಿ ತಾನೇ ಮುಂದಕ್ಕೆ ಎಳೆದುಕೊಂಡಳು. ಪೆಡಲಿಗೆ ಕಾಲು ಸಿಕ್ಕಿತು.

ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸುತ್ತಾರೆ. ರಸ್ತೆ ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ. ಎದುರು ಬರುವ ಪ್ರತಿಯೊಬ್ಬ ಚಾಲಕನೂ ಸ್ಟೇರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ. ಪರಿಚಯ ಇರಬೇಕೆಂದಿಲ್ಲ. ಮೊದಲ ಮೂರು ನಾಲ್ಕು ಬೆರಳುಗಳಿಗೆ ವಸಂತ ಉತ್ತರ ಕೊಡಲಿಲ್ಲ, ಎರಡೂ ಕೈ ಬಿಗಿ ಹಿಡಿದಿದ್ದಳು. ಹಾಲಿನ ಟ್ಯಾಂಕರ್ ಒಂದು ಎದುರು ಬಂದಾಗ ಗೋಡೆಗೆ ತೀರ ಹತ್ತಿರ ಸರಿದು ನಿಲ್ಲಿಸಿದಳು. ಟ್ಯಾಂಕರಿನವನು ಬೆರಳೆತ್ತಿದ. ಅವಳೂ ಎತ್ತಿದಳು. ಆಮೇಲೆ ಎಲ್ಲರಿಗೂ ಎತ್ತುತ್ತ ಹೋದಳು.

ಆಸ್ಪತ್ರೆಯ ಗೇಟಿನ ಹೊರಗೆ, ಒಂದು ಮರದ ಕೆಳಗೆ ನಿಲ್ಲಿಸಿ ಎಂಜಿನ್ ಆರಿಸಿದಳು.

"ಇಲ್ಲೇ ಕಣಣ್ಣ" ಎಂದಳು.

ಮುಂದಿನದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.

"ಅವತ್ತು ಬಂದು, ನೀನ್ ಕೂತಿದ್ದೀಯಲ್ಲ, ಅಲ್ಲಿ ಕೂತ್ಕಂಡೆ. ಇವ್ರು ತಲೆ ಒರಗಿಸ್ಕಂಡಿದ್ರು. ಮಲಗ್ಬುಟ್ಟವ್ರೆ ಅನ್ಕಂಡೆ. ಯಾವಾಗ್ಲೂ ಮಲಗೋರು. ಬೈದೆ. ಎಂಟು ಗಂಟೆ ನಿಂತು ಬಂದಿದ್ದೀನಿ, ನಿಮ್ಗೇನ್ರಿ ನಿದ್ದೆ, ಸ್ಟಾರ್ಟ್ ಮಾಡ್ರಿ ಅಂದೆ. ಮಾತಾಡ್ಲಿಲ್ಲ. ಕ್ವಾಪ ಮಾಡ್ಕಂಡವ್ರೆ ಅನ್ಕಂಡು ನಾನೂ ಮುಖ ತಿರುಗಿಸ್ಕಂಡು ಕೂತೆ. ನರ್ಸು ಕಣಣ್ಣ ನಾನು. ಪಕ್ದಲ್ಲೇ ಕೂತಿದ್ದೆ."

ನನ್ನ ಬಾಯಲ್ಲಿ ಪ್ರಶ್ನೆಗಳಿದ್ದವು. ಎಷ್ಟು ಹೊತ್ತು, ಯಾರು ಮೊದಲು ನೋಡಿದರು, ವೈದ್ಯರು ಏನೆಂದರು. ಮಾತಾಡಬೇಡ ಎಂದಿದ್ದಳು. ಮಾತಾಡಲಿಲ್ಲ. ಗೇಟಿನಿಂದ ಇಬ್ಬರು ನರ್ಸ್‌ಗಳು ಹೊರಬಂದು ಇವಳನ್ನು ನೋಡಿ ಕೈಬೀಸಿದರು. ಇವಳು ಬೆರಳೆತ್ತಿದಳು.

"ನೋರಾಗೆ ಇದ್ನ ಮೊದ್ಲನೇ ದಿನಾನೇ ಏಳ್ದೆ" ಎಂದಳು.

ಆಗ ಮಾತ್ರ ತಡೆಯಲಾಗಲಿಲ್ಲ. "ನಮ್ಗ್ಯಾಕೆ ಏಳ್ಲಿಲ್ಲ?"

"ನೀವು ಅತ್ಬುಡ್ತೀರಿ. ಅಕ್ಕ ಎದೆ ಬಡ್ಕಂತಾಳೆ. ಆಮೇಲೆ ನಾನೇ ಎದ್ದೋಗಿ ನಿಮ್ಗೆಲ್ಲ ನೀರ್ ತಂದ್ಕೊಡ್ಬೇಕು. ಅವ್ರು ಅಳಲ್ಲ. ಆರು ಸಲ ಆದ್ಮೇಲೆ ಅವ್ರ ಮುಖಾನೂ ನೋಡ್ಬೇಕಾಗಿಲ್ಲ. ನಿಮ್ ಮುಖಾನ ಸಾಯೋಗಂಟ ನೋಡ್ಬೇಕಲ್ಲ ಅಣ್ಣ."

ನಾನು ಅಳಲಿಲ್ಲ. ಅವಳು ಎಂಜಿನ್ ಶುರು ಮಾಡಿದಳು.

ಆರನೆಯದು

ಕೊನೆಯ ಭೇಟಿಗೆ ವಸಂತ ತಾನೇ ಕಾರು ಓಡಿಸಿಕೊಂಡು ಹೋದಳು. ಹಿಂದಿನ ದಿನ ಕೂತು ಕಜ್ಜಾಯ ಮಾಡಿದ್ದಳು. ಅಲ್ಲಿನ ಅಕ್ಕಿಗೆ ಪಾಕ ಕೂಡಿಬರಲಿಲ್ಲ. ಅರ್ಧ ಒಡೆದವು, ಉಳಿದವು ಗಟ್ಟಿಯಾದವು. ಇದ್ದುದರಲ್ಲಿ ಚೆನ್ನಾಗಿದ್ದವನ್ನು ಆರಿಸಿ ಅಕ್ಕನ ಡಬ್ಬಿಗೆ ತುಂಬಿದಳು. ಆ ಕಚೇರಿಯಲ್ಲಿ ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ತಿಂಡಿಯಾದರೆ ಎಲ್ಲರೂ ಹಂಚಿಕೊಂಡು ತಿನ್ನಬಹುದು.

ಈ ಸಲ ನಾನು ಕಾರಿನಲ್ಲೇ ಕೂತೆ. ಅವಳು ಹೊರಬಂದಾಗ ಕಣ್ಣು ಕೆಂಪಗಿತ್ತು, ನಡಿಗೆ ಸಲೀಸಾಗಿತ್ತು. ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು. ಹಗುರವಾಗಿತ್ತು. ಮುಚ್ಚಳ ತೆಗೆದೆ. ತೊಳೆದು, ಒರೆಸಿ, ಪೂರ್ತಿ ಖಾಲಿ.

ನಮ್ಮ ಕಡೆ ಖಾಲಿ ಪಾತ್ರೆ ವಾಪಸು ಕೊಡುವುದಿಲ್ಲ. ಸಾರು ಬಂದ ಪಾತ್ರೆಯಲ್ಲಿ ನಾಲ್ಕು ನಿಂಬೆಹಣ್ಣು ಹೋಗುತ್ತವೆ, ಏನೂ ಇಲ್ಲದ ಮನೆಯಿಂದ ಒಂದು ಹಿಡಿ ಸಕ್ಕರೆಯಾದರೂ ಹೋಗುತ್ತದೆ. ಖಾಲಿ ಬಂದರೆ ಆ ಮನೆಯ ಜೊತೆ ಕೊಟ್ಟು ತರುವುದು ಮುಗಿಯಿತು ಎಂದು ಅರ್ಥ. ನನಗೆ ಸಂತೋಷವಾಯಿತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಈ ನೋರಾಗೆ ಗೊತ್ತಿಲ್ಲದ್ದು ಒಂದು ನನಗೆ ಸಿಕ್ಕಿತ್ತು.

ಕೊಡೆ ಮರೆತೆ ಎಂದು ಹೇಳಿ ಡಬ್ಬಿ ಹಿಡಿದು ಒಳಗೆ ಹೋದೆ. ನೋರಾ ಅವರಿಗೆ ನಮ್ಮ ಪದ್ಧತಿಯನ್ನು ವಿವರಿಸಿದೆ. ಏನಾದರೂ ಹಾಕಿ ಕೊಡಿ, ಒಂದು ಟೀ ಬ್ಯಾಗ್ ಆದರೂ ಸಾಕು, ಅವಳ ಮನಸ್ಸಿಗೆ ಬೇಸರವಾಗಬಾರದು ಎಂದೆ.

ನೋರಾ ಕನ್ನಡಕ ತೆಗೆದರು. "ನನಗೆ ಗೊತ್ತು" ಎಂದರು. "ವಸಂತ ಮೊದಲೇ ಹೇಳಿದ್ದಾರೆ. ಖಾಲಿಯೇ ವಾಪಸು ಕೊಡಬೇಕೆಂದು ಕೇಳಿದ್ದೂ ಅವರೇ. ನನಗೆ ಸುಲಭವಾಗಿರಲಿಲ್ಲ. ನಮ್ಮ ಅಮ್ಮ ಯಾರ ಮನೆಯ ತಟ್ಟೆಯನ್ನೂ ಖಾಲಿ ಕಳಿಸಿದವರಲ್ಲ."

ಕಾರಿಗೆ ಬಂದು ಕೂತೆ.

"ಕೊಡೆ ಎಲ್ಲಿ?" ಎಂದಳು ವಸಂತ.

"ತಂದಿರ್ಲಿಲ್ಲ."

"ಗೊತ್ತು" ಎಂದು ಗೇರ್ ಹಾಕಿದಳು.

ಚನ್ನರಾಯಪಟ್ಟಣ

ಅಕ್ಟೋಬರ್ ಮೊದಲ ಸೋಮವಾರ ವಸಂತ ಪಾಳಿಗೆ ಹೋದಳು. ಅದೇ ವಾರ ನಾನು ಒಬ್ಬನೇ ಹೊರಟೆ. ಬಸ್ ನಿಲ್ದಾಣಕ್ಕೆ ಅವಳೇ ಕಾರಿನಲ್ಲಿ ತಂದುಬಿಟ್ಟಳು. ಡಬ್ಬಿಯನ್ನು ಕೈಗಿಟ್ಟು, "ಅಕ್ಕಂಗೆ ಕೊಡು. ದಾರೀಲಿ ತೆಗೀಬೇಡ" ಎಂದಳು. ಡಬ್ಬಿ ಭಾರವಾಗಿತ್ತು.

ಚನ್ನರಾಯಪಟ್ಟಣದಲ್ಲಿ ಅಕ್ಕ ಬಾಗಿಲಲ್ಲೇ ನಿಂತು ನನ್ನ ಬೆನ್ನ ಹಿಂದೆ ನೋಡಿದಳು. "ಎಲ್ಲಿ ಅವ್ಳು?"

"ಡ್ಯೂಟಿಗೆ ಓಯ್ತವ್ಳೆ. ಕಾರ್ ಓಡಿಸ್ತಾಳೆ."

"ಕಾರಾ?" ಎಂದು ಅಕ್ಕ ಮೆಟ್ಟಿಲ ಮೇಲೆ ಕೂತಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದಳು. ಓಟ್ಸ್ ಬಿಸ್ಕತ್ತು, ಅದರ ಮೇಲೆ ಆ ಊರಿನವರು ಒಣಗಿಸಿ ತಿನ್ನುವ ಕೆಂಪು ಸಮುದ್ರಪಾಚಿ.

"ಇದೇನ್ಲಾ, ಕೆರೆ ಪಾಚಿ ಕಳ್ಸವ್ಳೆ?" ಒಂದು ಎಳೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. ಮತ್ತೊಂದು ಎಳೆ ತೆಗೆದುಕೊಂಡಳು. "ಆ ಬಿಳಿಯೋಳ್ಗೂ ಈ ಡಬ್ಬೀಲೆ ಕೊಟ್ಟಿದ್ಲಾ?"

"ಊಂ. ಕಜ್ಜಾಯ."

"ಅವ್ಳು ಏನ್ ಆಕಿ ಕೊಟ್ಲು?"

"ಏನೂ ಇಲ್ಲ. ಖಾಲಿ."

ಅಕ್ಕ ಮುಚ್ಚಳದ ಮೇಲಿನ ತನ್ನ ಹೆಸರನ್ನು ಸೆರಗಿನಿಂದ ಒರೆಸಿದಳು. "ಅಂಗಾದ್ರೆ ಸರಿ ಬುಡು" ಎಂದಳು.

ಗೇಟಿನ ಬಳಿ ವಸಂತ ಹೇಳಿದ್ದನ್ನು ನಾನು ಅಕ್ಕನಿಗೆ ಹೇಳಲಿಲ್ಲ. ದೀಪಾವಳಿಗೆ ವಸಂತ ತಾನೇ ಫೋನ್ ಮಾಡಿ ಹೇಳಿದಳು. ಅಕ್ಕ ಅಳಲಿಲ್ಲವಂತೆ. ಫೋನ್ ಇಟ್ಟ ಮೇಲೆ ಅತ್ತಳೆಂದು ಭಾವ ಹೇಳಿದರು.

ಕಳೆದ ಭಾನುವಾರ ವಸಂತ ಪಾಳಿ ಮುಗಿಸಿ, ಗೇಟಿನ ಹೊರಗೆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ನನಗೆ ಫೋನ್ ಮಾಡಿದಳು. ಅಲ್ಲಿ ಮಳೆ ಬರುತ್ತಿತ್ತು. ಡಬ್ಬಿ ಈಗ ಹಾಸನದಲ್ಲಿ ನನ್ನ ಮನೆಯಲ್ಲಿದೆ. ಅಕ್ಕ ಅದರ ತುಂಬ ಕಜ್ಜಾಯ ಹಾಕಿ ಕಳಿಸಿದ್ದಾಳೆ. ಅದನ್ನು ವಸಂತಳಿಗೆ ತೆಗೆದುಕೊಂಡು ಹೋಗುವ ಪರಿಚಯದವರು ಬುಧವಾರ ಹೊರಡುತ್ತಾರೆ.